87ನೇ ನಿಮಿಷದ ಕಾರ್ನರ್: ಡಿಫೆಂಡರ್ ಆಗಿದ್ದ ಕೋಚ್ ಆಶ್ಲಿ ವೆಸ್ಟ್‌ವುಡ್ ಮತ್ತು ಕಂಠೀರವದ ಒಂದು ಸಂಜೆ

2015ರ ಮೇ 31, ಭಾನುವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಆಗ ದೇಶದ ಮೇಲ್ದರ್ಜೆಯ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನ ಕೊನೆಯ ಪಂದ್ಯ. ಒಂದು ಕಡೆ ಹಿಂದಿನ ವರ್ಷದ ಚಾಂಪಿಯನ್ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಕೋಲ್ಕತ್ತದ ಮೋಹನ್ ಬಾಗಾನ್. ಬಾಗಾನ್ ಬಳಿ 38 ಅಂಕ, ಬೆಂಗಳೂರಿನ ಬಳಿ 36. ಲೆಕ್ಕ ತುಂಬ ಸುಲಭ. ಬೆಂಗಳೂರು ಗೆದ್ದರೆ 39, ಕಪ್ ಇಲ್ಲೇ ಉಳಿಯುತ್ತದೆ. ಡ್ರಾ ಆದರೆ ಕಪ್ ಕೋಲ್ಕತ್ತಕ್ಕೆ ಹೋಗುತ್ತದೆ.

41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. ಜಾನ್ಸನ್ ಬೆಂಗಳೂರಿನ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ನಿಂತು ಕಾಯುವ ಡಿಫೆಂಡರ್. ಅಲ್ಲಿಂದ 46 ನಿಮಿಷ ಕಪ್ ನಮ್ಮ ಕೈಯಲ್ಲೇ ಇತ್ತು. 87ನೇ ನಿಮಿಷದಲ್ಲಿ ಬಾಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು, ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ. ಹೈಟಿ ದೇಶದ ಸೋನಿ ನಾರ್ಡೆ ಚೆಂಡನ್ನು ಒಳಗೆ ತೂರಿದರು. ನೈಜೀರಿಯಾದ ಬೆಲ್ಲೊ ರಜಾಕ್ ಎದ್ದು ತಲೆ ಕೊಟ್ಟರು. 1-1. ಬೆಲ್ಲೊ ಕೂಡ ಸೆಂಟರ್ ಬ್ಯಾಕ್.

ಎರಡೂ ಗೋಲು ಹೊಡೆದವರು ಡಿಫೆಂಡರ್‌ಗಳು. ಸೈಡ್‌ಲೈನ್ ಹತ್ತಿರ ನಿಂತು ಅದನ್ನು ನೋಡುತ್ತಿದ್ದ ಬೆಂಗಳೂರಿನ ಕೋಚ್ ಕೂಡ ಇಂಗ್ಲೆಂಡಿನಲ್ಲಿ ಸುಮಾರು ಹದಿನೈದು ವರ್ಷ ಸೆಂಟರ್ ಬ್ಯಾಕ್ ಆಗಿ ಆಡಿದವರು. ಹೆಸರು ಆಶ್ಲಿ ವೆಸ್ಟ್‌ವುಡ್. ಕಾರ್ನರ್ ಬಂದಾಗ ಎದುರಾಳಿಯ ಎತ್ತರದ ಆಳನ್ನು ತಡೆಯುವುದೇ ಅವರು ಇಡೀ ವೃತ್ತಿಯಲ್ಲಿ ಸಂಬಳ ತೆಗೆದುಕೊಂಡು ಮಾಡಿದ ಕೆಲಸ. ಅದೇ ಕೆಲಸದಲ್ಲಿ, ಪಂದ್ಯ ಮುಗಿಯಲು ಮೂರು ನಿಮಿಷ ಇದ್ದಾಗ, ಅವರ ತಂಡ ಒಂದು ವರ್ಷದ ದುಡಿಮೆಯನ್ನು ಕಳೆದುಕೊಂಡಿತು.

ನಾನು ವಾರದ ಕೊನೆಯಲ್ಲಿ ಶಾಲೆ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಡಿಫೆನ್ಸ್ ಕಲಿಸುವ ದಿನ ಬಂದಾಗಲೆಲ್ಲ ಈ ಪಂದ್ಯ ನೆನಪಾಗುತ್ತದೆ. ಸೋಲಿನ ನೋವು ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಈ ಸೋಲಿನ ನಂತರ ನಡೆದದ್ದು. ಒಂದು ಕಾರ್ನರ್‌ನಿಂದ ಕೋಚ್ ಒಬ್ಬರ ಕೆಲಸವನ್ನು ಅಳೆಯಬಹುದಾ? ಸೋತ ಮೇಲೆ ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು? ಇದನ್ನು ಒಂದು ಪ್ರಕರಣವಾಗಿ ಬಿಡಿಸಿ ನೋಡಬೇಕು ಅಂತ ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಯಾರು ಈ ವೆಸ್ಟ್‌ವುಡ್

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಇದೇ ಹೆಸರಿನ ಇನ್ನೊಬ್ಬ ಆಟಗಾರ ಇದ್ದಾರೆ. ಆಸ್ಟನ್ ವಿಲ್ಲಾ, ಬರ್ನ್ಲಿ ತಂಡಗಳಿಗೆ ಆಡಿದ ಮಿಡ್‌ಫೀಲ್ಡರ್. ಅವರು 1990ರಲ್ಲಿ ಹುಟ್ಟಿದವರು. ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ತಂಡಕ್ಕೆ ಆಡಿದವರೇ, ಹಾಗಾಗಿ ಗೊಂದಲ ಇನ್ನೂ ಜಾಸ್ತಿ. ನಮ್ಮ ಪ್ರಕರಣದವರು 1976ರ ಆಗಸ್ಟ್ 31ರಂದು ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಬ್ರಿಜ್‌ನಾರ್ತ್‌ನಲ್ಲಿ ಹುಟ್ಟಿದವರು.

ಅವರು ಬೆಳೆದದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ. 1995ರಲ್ಲಿ ಆ ತಂಡ ಎಫ್‌ಎ ಯೂತ್ ಕಪ್ ಗೆದ್ದಿತು. ಫಿಲ್ ನೆವಿಲ್ ಆ ತಂಡದಲ್ಲಿದ್ದರು. ಆದರೆ ಯುನೈಟೆಡ್‌ನ ಹಿರಿಯರ ತಂಡದ ಬಾಗಿಲು ವೆಸ್ಟ್‌ವುಡ್‌ಗೆ ತೆರೆಯಲಿಲ್ಲ. ಅದೇ ವರ್ಷ ಕ್ರೂಗೆ ಹೋದರು. ಡಾರಿಯೊ ಗ್ರಾಡಿ ಅಲ್ಲಿನ ಮ್ಯಾನೇಜರ್. ಎಳೆಯ ಆಟಗಾರರನ್ನು ತಿದ್ದಿ ಬೆಳೆಸುವುದರಲ್ಲಿ ಹೆಸರಾದವರು. 1998ರಲ್ಲಿ ವೆಸ್ಟ್‌ವುಡ್ ಬ್ರಾಡ್‌ಫೋರ್ಡ್ ಸಿಟಿ ಸೇರಿದರು. 1999ರಲ್ಲಿ ಆ ತಂಡ ಪ್ರೀಮಿಯರ್ ಲೀಗ್‌ಗೆ ಏರಿತು. ಪ್ರೀಮಿಯರ್ ಲೀಗ್‌ನಲ್ಲಿ ಅವರು ಆಡಿದ್ದು ಕೆಲವೇ ಪಂದ್ಯ.

ಆ ಬ್ರಾಡ್‌ಫೋರ್ಡ್ ಸೀಸನ್‌ನ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 2000ದ ಮೇ 14, ಲೀಗ್‌ನ ಕೊನೆಯ ದಿನ. ಕೆಳಗಿನ ದರ್ಜೆಗೆ ಬೀಳದೆ ಉಳಿಯಬೇಕು ಅಂದರೆ ಲಿವರ್‌ಪೂಲ್ ಎದುರಿನ ಪಂದ್ಯದಲ್ಲಿ ಬ್ರಾಡ್‌ಫೋರ್ಡ್ ಆ ದಿನ ವಿಂಬಲ್ಡನ್ ತಂಡಕ್ಕಿಂತ ಒಳ್ಳೆಯ ಫಲ ಪಡೆಯಬೇಕಿತ್ತು. 1-0ಯಿಂದ ಗೆದ್ದಿತು. ಗೋಲು ಹೊಡೆದವರು ಡೇವಿಡ್ ವೆದರಾಲ್. ಹೆಡರ್. ವೆದರಾಲ್ ಸೆಂಟರ್ ಬ್ಯಾಕ್. ಪಂದ್ಯದ ಶುರುವಿನಲ್ಲೇ ಬಂದ ಆ ಒಂದು ಗೋಲನ್ನು ಇಡೀ ತಂಡ ಕೊನೆಯವರೆಗೂ ಕಾಯ್ದುಕೊಂಡಿತು. ಕೊನೆಯ ದಿನ, ಸ್ವಂತ ಮೈದಾನ, ಡಿಫೆಂಡರ್ ತಲೆಯಿಂದ ಒಂದು ಗೋಲು, ಆಮೇಲೆ ಕಾಯುವ ಕೆಲಸ. ಹದಿನೈದು ವರ್ಷಗಳ ನಂತರ ಕಂಠೀರವದಲ್ಲಿ ವೆಸ್ಟ್‌ವುಡ್‌ಗೆ ಎದುರಾದದ್ದು ಇದೇ ಸ್ಥಿತಿ. ಫಲ ಮಾತ್ರ ಬೇರೆ.

ಮುಂದಿನ ದಾರಿ ಇಳಿಜಾರು. ಶೆಫೀಲ್ಡ್ ವೆನ್ಸ್‌ಡೇಯಲ್ಲಿ ಮೂರು ವರ್ಷ. ಆಮೇಲೆ ನಾರ್ತಾಂಪ್ಟನ್, ಚೆಸ್ಟರ್, ಸ್ವಿಂಡನ್, ಸ್ಟೀವನೇಜ್, ರೆಕ್ಸಮ್, ಕ್ರಾಲಿ, ಕೆಟರಿಂಗ್. ಹೆಚ್ಚಿನವು ನಾಲ್ಕನೇ, ಐದನೇ ದರ್ಜೆಯ ತಂಡಗಳು. ಅಲ್ಲಿ ಆಟ ಅಂದರೆ ಕೆಸರು, ಉದ್ದದ ಪಾಸ್, ಡಿಕ್ಕಿ. ಡಿಫೆಂಡರ್‌ಗೆ ಪ್ರತಿ ಶನಿವಾರ ಇಪ್ಪತ್ತು ಸಲ ಚೆಂಡು ತಲೆಗೆ ಬರುತ್ತದೆ. ಕೈತುಂಬ ದುಡ್ಡೂ ಇಲ್ಲ, ಟಿವಿಯಲ್ಲಿ ಮುಖವೂ ಇಲ್ಲ. ಇಂಥ ತಂಡಗಳಲ್ಲಿ ವರ್ಷಗಟ್ಟಲೆ ಕೆಲಸ ಉಳಿಸಿಕೊಂಡವನಿಗೆ ಒಂದು ಗುಣ ಬಂದುಬಿಡುತ್ತದೆ ಅಂತ ನನಗೆ ಅನಿಸುತ್ತದೆ. ಪ್ರತಿಭೆ ತನ್ನನ್ನು ಕಾಪಾಡುತ್ತದೆ ಅಂತ ಅವನು ನಂಬುವುದಿಲ್ಲ. ಮೈ ಗಟ್ಟಿ ಇಟ್ಟುಕೊಳ್ಳಬೇಕು, ಸರಿಯಾದ ಜಾಗದಲ್ಲಿ ನಿಲ್ಲಬೇಕು, ಪಕ್ಕದವನನ್ನು ಕೂಗಿ ಕರೆಯಬೇಕು. ಅಷ್ಟೇ ಅವನ ಬಂಡವಾಳ.

ಆಟ ಬಿಟ್ಟ ಮೇಲೆ ಮೈಕೆಲ್ ಆಪಲ್ಟನ್ ಜೊತೆ ಸಹಾಯಕರಾಗಿ ದುಡಿದರು. ಮೊದಲು ಪೋರ್ಟ್ಸ್‌ಮತ್. ಹಣಕಾಸಿನಲ್ಲಿ ಮುಳುಗಿಹೋಗಿದ್ದ ಕ್ಲಬ್ ಅದು. 2012ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಪೂಲ್. ಅಲ್ಲಿ ಆಪಲ್ಟನ್ ಇದ್ದದ್ದು 65 ದಿನ. 2013ರ ಜನವರಿಯಲ್ಲಿ ಬ್ಲ್ಯಾಕ್‌ಬರ್ನ್. ಅಲ್ಲಿ 67 ದಿನಕ್ಕೆ ಕೆಲಸ ಹೋಯಿತು. ಒಂದೇ ಸೀಸನ್‌ನಲ್ಲಿ ಮೂರು ಕ್ಲಬ್. 36ರ ವಯಸ್ಸಿನಲ್ಲಿ ವೆಸ್ಟ್‌ವುಡ್ ಕೆಲಸವಿಲ್ಲದ ಸಹಾಯಕ ಕೋಚ್ ಆಗಿದ್ದರು.

ಬೆಂಗಳೂರಿಗೆ ಬಂದದ್ದು

ಬೆಂಗಳೂರಿನ ಸ್ಥಿತಿಯೂ ಆಗ ಚೆನ್ನಾಗಿರಲಿಲ್ಲ. ನಮ್ಮ ಊರಿಗೆ ಫುಟ್‌ಬಾಲ್ ಹೊಸದಲ್ಲ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಕ್ರಿಕೆಟ್‌ಗಿಂತ ಮೊದಲು ಫುಟ್‌ಬಾಲ್ ಇತ್ತು. ಒಲಿಂಪಿಕ್ಸ್‌ಗೆ ಹೋದ ಅಹ್ಮದ್ ಖಾನ್, ಕೆಂಪಯ್ಯ ಇಲ್ಲಿಯವರು. ಆದರೆ 2011-12ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗೆ ಬಿದ್ದ ಮೇಲೆ ದೇಶದ ಮೇಲ್ದರ್ಜೆಯಲ್ಲಿ ನಮ್ಮ ಊರಿನ ಒಂದು ತಂಡವೂ ಉಳಿದಿರಲಿಲ್ಲ.

2013ರ ಜುಲೈ 20ರಂದು ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಶುರು ಮಾಡಿತು. ತಂಡಕ್ಕೆ ನೇರವಾಗಿ ಐ-ಲೀಗ್ ಪ್ರವೇಶ ಸಿಕ್ಕಿತ್ತು. ಸುನಿಲ್ ಛೆಟ್ರಿ ಕ್ಯಾಪ್ಟನ್. ಕೋಚ್ ಆಗಿ ವೆಸ್ಟ್‌ವುಡ್. ಅಲ್ಲಿಯವರೆಗೆ ದೊಡ್ಡ ತಂಡವೊಂದನ್ನು ಸ್ವಂತ ಹೊಣೆಯಲ್ಲಿ ನಡೆಸಿದ ಅನುಭವ ಅವರಿಗೆ ಇರಲಿಲ್ಲ.

ಅವರು ಕಟ್ಟಿದ ತಂಡದಲ್ಲಿ ನನಗೆ ಮೊದಲು ಕಂಡದ್ದು ವಿದೇಶಿ ಆಟಗಾರರ ಆಯ್ಕೆ. ಆಗಿನ ನಿಯಮದಲ್ಲಿ ಕ್ಲಬ್ಬಿಗೆ ನಾಲ್ಕೇ ವಿದೇಶಿಯರು. ನಮ್ಮ ದೇಶದ ಕ್ಲಬ್‌ಗಳು ಸಾಮಾನ್ಯವಾಗಿ ಆ ಜಾಗಗಳನ್ನು ಸ್ಟ್ರೈಕರ್‌ಗೆ, ಮಿಡ್‌ಫೀಲ್ಡರ್‌ಗೆ ಕೊಡುತ್ತಿದ್ದವು. ಗೋಲು ಹೊಡೆಯುವವನನ್ನು ತಂದರೆ ಜನ ಬರುತ್ತಾರೆ ಅನ್ನುವ ಲೆಕ್ಕ. ವೆಸ್ಟ್‌ವುಡ್ ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು ತಂದರು. ಒಬ್ಬರು ಜಾನ್ ಜಾನ್ಸನ್, ಮಿಡ್ಲ್ಸ್‌ಬರೋದಲ್ಲಿ ಬೆಳೆದು ನಾರ್ತಾಂಪ್ಟನ್‌ಗೆ ಆಡಿದವರು. ಇನ್ನೊಬ್ಬರು ಕೀನ್ಯಾದ ಕರ್ಟಿಸ್ ಒಸಾನೊ. ಇಬ್ಬರೂ ಇಂಗ್ಲೆಂಡಿನ ಕೆಳದರ್ಜೆಯ ಲೀಗ್‌ಗಳನ್ನು ಕಂಡವರು. ಅಂದರೆ ವೆಸ್ಟ್‌ವುಡ್ ತಾವು ಆಡಿದಂಥ ಆಟವನ್ನೇ ಆಡಿ ಬಂದವರನ್ನು ಹುಡುಕಿ ತಂದಿದ್ದರು. ಮುಂದೆ ಗೋಲು ಹೊಡೆಯುವ ಕೆಲಸ ಛೆಟ್ರಿ, ರಾಬಿನ್ ಸಿಂಗ್ ಅವರಂಥ ಭಾರತೀಯರಿಗೂ ಆಸ್ಟ್ರೇಲಿಯಾದ ಶಾನ್ ರೂನಿಗೂ. ಮನೆ ಕಟ್ಟುವಾಗ ತಳಪಾಯಕ್ಕೆ ಮೊದಲು ಕೈ ಹಾಕಿದ ಹಾಗೆ.

ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಎದುರಾಳಿ ಮೋಹನ್ ಬಾಗಾನ್. 1-1 ಡ್ರಾ. ಬಾಗಾನ್, 1-1, ಬೆಂಗಳೂರು. ಈ ಮೂರು ಒಟ್ಟಿಗೆ ಮತ್ತೆ ಬರುತ್ತವೆ ಅಂತ ಆಗ ಯಾರಿಗೆ ಗೊತ್ತಿತ್ತು.

ಆ ಸೀಸನ್ ಕನಸಿನಂತೆ ನಡೆಯಿತು. 24 ಪಂದ್ಯದಲ್ಲಿ 47 ಅಂಕ, ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗಿಂತ ನಾಲ್ಕು ಜಾಸ್ತಿ. 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಕಪ್ ಗೆದ್ದರು. ಛೆಟ್ರಿ 14 ಗೋಲು ಹೊಡೆದಿದ್ದರು. ಹುಟ್ಟಿ ಒಂಬತ್ತು ತಿಂಗಳಾದ ಕ್ಲಬ್ ದೇಶದ ಚಾಂಪಿಯನ್. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿ ಬಳಗ ಹುಟ್ಟಿ ಬೆಳೆದದ್ದೂ ಅದೇ ಹೊತ್ತಿನಲ್ಲಿ. ನಿಂತುಕೊಂಡು ಹಾಡುತ್ತಾ ತೊಂಬತ್ತು ನಿಮಿಷ ತಂಡವನ್ನು ಹುರಿದುಂಬಿಸುವುದನ್ನು ಈ ಊರು ಅವರಿಂದ ಕಲಿಯಿತು.

ಎರಡನೇ ಸೀಸನ್

ತಂಡ ಕಂಠೀರವಕ್ಕೆ ಬಂತು. 2015ರ ಜನವರಿಯಲ್ಲಿ ಗೋವಾದಲ್ಲಿ ಫೆಡರೇಷನ್ ಕಪ್ ಗೆದ್ದರು. ಫೈನಲ್‌ನಲ್ಲಿ ಮತ್ತೆ ಡೆಂಪೊ, 2-1. ಫೆಬ್ರವರಿಯಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯ. ಮಲೇಷ್ಯಾದ ಜೊಹೊರ್ ತಂಡದ ಎದುರು ಹೆಚ್ಚುವರಿ ಸಮಯದಲ್ಲಿ 1-2 ಸೋಲು. ಆಮೇಲೆ ಎಎಫ್‌ಸಿ ಕಪ್, ಏಷ್ಯಾದ ಕ್ಲಬ್‌ಗಳ ಎರಡನೇ ಹಂತದ ಟೂರ್ನಿ. ಲೀಗ್ ಆಡುತ್ತಲೇ ಮಾಲ್ಡೀವ್ಸ್, ಸಿಂಗಾಪುರ, ಇಂಡೊನೇಷ್ಯಾದ ತಂಡಗಳ ಜೊತೆ ಪಂದ್ಯ, ಪ್ರಯಾಣ.

ಈ ಭಾಗವನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೇ 31ರ ಪಂದ್ಯ ಒಂಟಿಯಾಗಿ ಬಂದದ್ದಲ್ಲ. ಅದಕ್ಕೆ ಕೆಲವೇ ದಿನ ಮೊದಲು, ಅದೇ ಕಂಠೀರವದಲ್ಲಿ, ಹಾಂಗ್‌ಕಾಂಗ್‌ನ ಸೌತ್ ಚೈನಾ ತಂಡದ ಎದುರು ಎಎಫ್‌ಸಿ ಕಪ್‌ನ ನಾಕೌಟ್ ಪಂದ್ಯ ಇತ್ತು. ಬೆಂಗಳೂರು 0-2ರಿಂದ ಸೋತು ಹೊರಬಿತ್ತು. ಒಂದು ವಾರದೊಳಗೆ ಎರಡು ಜೀವಪಂದ್ಯ. ಡಿಫೆಂಡರ್‌ಗಳನ್ನು ಬದಲಿಸಿ ಬದಲಿಸಿ ಆಡಿಸುವುದು ಕಷ್ಟ. ಫಾರ್ವರ್ಡ್ ಒಬ್ಬ ದಣಿದರೆ ಒಂದು ಅವಕಾಶ ತಪ್ಪುತ್ತದೆ. ಸೆಂಟರ್ ಬ್ಯಾಕ್ ದಣಿದರೆ ಅರ್ಧ ಹೆಜ್ಜೆ ತಡವಾಗುತ್ತದೆ, ಆ ಅರ್ಧ ಹೆಜ್ಜೆಯಲ್ಲೇ ಗೋಲು ಹೋಗುತ್ತದೆ.

ಅತ್ತ ಬಾಗಾನ್‌ಗೂ ಇದು ಜೀವದ ಪ್ರಶ್ನೆ. 2002ರ ನಂತರ ಅವರು ರಾಷ್ಟ್ರೀಯ ಲೀಗ್ ಗೆದ್ದಿರಲಿಲ್ಲ. ಹದಿಮೂರು ವರ್ಷ. ಕೋಚ್ ಸಂಜಯ್ ಸೇನ್, ಬಂಗಾಳದವರೇ. ನಾರ್ಡೆ, ಜಪಾನಿನ ಕಟ್ಸುಮಿ ಯೂಸಾ, ಹಿಂದೆ ಬೆಲ್ಲೊ. ಒಳ್ಳೆಯ ತಂಡ. ಅವರ ಗೆಲುವನ್ನು ಅದೃಷ್ಟ ಅನ್ನುವವರ ಜೊತೆ ನಾನಿಲ್ಲ. 19 ಪಂದ್ಯ ಆಡಿ ಎರಡು ಅಂಕ ಮುಂದೆ ಇದ್ದದ್ದು ಅವರೇ. ಡ್ರಾ ಸಾಕು ಅನ್ನುವ ಸೌಲಭ್ಯವನ್ನು ಅವರು ದುಡಿದು ಗಳಿಸಿದ್ದರು.

ಆ 46 ನಿಮಿಷ

ಈಗ ಪ್ರಕರಣದ ನಡುವಿಗೆ ಬರೋಣ. 1-0 ಮುನ್ನಡೆ ಸಿಕ್ಕಿದೆ. ಇನ್ನು ಏನು ಮಾಡಬೇಕು?

ಸಾಮಾನ್ಯ ಪಂದ್ಯದಲ್ಲಿ 1-0 ಇದ್ದಾಗ ಎದುರಾಳಿ ಒಂದು ಗೋಲು ಹೊಡೆದರೆ ಇಬ್ಬರಿಗೂ ಒಂದೊಂದು ಅಂಕ, ಮುಂದಿನ ವಾರ ನೋಡಿಕೊಳ್ಳೋಣ ಅನ್ನಬಹುದು. ಈ ಪಂದ್ಯದಲ್ಲಿ ಹಾಗಲ್ಲ. ಬಾಗಾನ್‌ಗೆ ಒಂದು ಗೋಲು ಅಂದರೆ ಎಲ್ಲವೂ. ಬೆಂಗಳೂರಿಗೆ ಡ್ರಾ ಅಂದರೆ ಸೋಲೇ. ಹಾಗಾಗಿ ಬೆಂಗಳೂರು ಎರಡನೇ ಗೋಲು ಹೊಡೆದಿದ್ದರೆ ಅದರ ಬೆಲೆ ಮಾಮೂಲಿಗಿಂತ ತುಂಬ ದೊಡ್ಡದು. 2-0 ಆದರೆ ಬಾಗಾನ್‌ಗೆ ಎರಡು ಬೇಕು. ಒಂದು ಕಾರ್ನರ್, ಒಂದು ಜಾರುವಿಕೆ, ಒಂದು ತಪ್ಪು ಶಿಳ್ಳೆಯನ್ನು ತಂಡ ತಡೆದುಕೊಳ್ಳಬಹುದು. 1-0ಯಲ್ಲಿ ಅಂಥ ಒಂದೇ ಒಂದನ್ನೂ ತಡೆದುಕೊಳ್ಳಲಾಗದು.

ಆದರೆ ಎರಡನೇ ಗೋಲಿಗೆ ಮುಂದೆ ಹೋದರೆ ಹಿಂದೆ ಜಾಗ ತೆರೆಯುತ್ತದೆ. ನಾರ್ಡೆಯಂಥ ವೇಗದ ವಿಂಗರ್ ಎದುರಿಗಿರುವಾಗ ಆ ಜಾಗ ಕೊಡುವುದು ಅಪಾಯ. ಹಿಂದೆ ಸರಿದು ಕಾಯುತ್ತೇವೆ ಅಂದರೆ ಚೆಂಡು ಎದುರಾಳಿಯ ಕಾಲಲ್ಲಿ ಉಳಿಯುತ್ತದೆ. ಕ್ರಾಸ್ ಜಾಸ್ತಿ, ಬ್ಲಾಕ್ ಜಾಸ್ತಿ, ಹಾಗಾಗಿ ಕಾರ್ನರ್ ಜಾಸ್ತಿ. ಕಾರ್ನರ್ ಒಂದೊಂದನ್ನೇ ತೆಗೆದುಕೊಂಡರೆ ಅಷ್ಟೇನೂ ಅಪಾಯವಲ್ಲ. ನೂರು ಕಾರ್ನರ್‌ಗೆ ಮೂರೋ ನಾಲ್ಕೋ ಗೋಲು ಬಂದರೆ ಹೆಚ್ಚು. ಆದರೆ ಕೊನೆಯ ಹತ್ತು ನಿಮಿಷದಲ್ಲಿ, ಎದುರಾಳಿ ತನ್ನ ಎತ್ತರದವರನ್ನೆಲ್ಲ ಬಾಕ್ಸ್‌ಗೆ ಕಳಿಸಿದಾಗ, ಕಾಯುವವರ ಕಾಲು ಭಾರವಾಗಿರುವಾಗ, ಪ್ರತಿ ಕಾರ್ನರ್‌ಗೂ ಎದೆ ಡವಗುಟ್ಟುತ್ತದೆ.

ಕಾರ್ನರ್ ಕಾಯುವುದು ಎಷ್ಟು ಕಷ್ಟ ಅನ್ನುವುದು ಸ್ಟ್ಯಾಂಡ್‌ನಲ್ಲಿ ಕೂತವರಿಗೆ ಅಷ್ಟಾಗಿ ಕಾಣುವುದಿಲ್ಲ. ಇದಕ್ಕೆ ಎರಡು ಪದ್ಧತಿ ಇದೆ. ಒಂದು, ಆಳಿಗೆ ಆಳು. ನೀನು ಅವನನ್ನು ಹಿಡಿ, ನಾನು ಇವನನ್ನು ಹಿಡಿಯುತ್ತೇನೆ. ಇದರ ತೊಂದರೆ ಏನು ಅಂದರೆ, ಚೆಂಡು ಒಂದು ಕಡೆಯಿಂದ ಬರುತ್ತದೆ, ಆಳು ಇನ್ನೊಂದು ಕಡೆಯಿಂದ ಓಡುತ್ತಾನೆ. ಎರಡನ್ನೂ ಒಟ್ಟಿಗೆ ನೋಡಲು ಕಣ್ಣಿಗೆ ಆಗುವುದಿಲ್ಲ. ಚೆಂಡು ನೋಡಿದ ಗಳಿಗೆಯಲ್ಲಿ ಆಳು ಜಾರಿರುತ್ತಾನೆ. ಎರಡನೆಯದು, ಜಾಗ ಕಾಯುವುದು. ಗೋಲಿನ ಮುಂದಿನ ಜಾಗವನ್ನು ಹಂಚಿಕೊಂಡು ನಿಲ್ಲುವುದು. ಇದರ ತೊಂದರೆ, ನೀವು ನಿಂತಲ್ಲಿಂದ ಹಾರುತ್ತೀರಿ, ಎದುರಾಳಿ ಓಡಿ ಬಂದು ಹಾರುತ್ತಾನೆ. ಓಡಿ ಬಂದವನಿಗೆ ಯಾವಾಗಲೂ ಒಂದು ಗೇಣು ಎತ್ತರ ಜಾಸ್ತಿ. ಹೆಚ್ಚಿನ ತಂಡಗಳು ಎರಡನ್ನೂ ಬೆರೆಸುತ್ತವೆ. ಪೂರ್ತಿ ಭದ್ರವಾದ ಪದ್ಧತಿ ಅನ್ನುವುದು ಇಲ್ಲ.

ಹುಡುಗರಿಗೆ ಇದನ್ನು ಹೇಳಿಕೊಡುವಾಗ ಗಮನಿಸಿದ್ದೇನೆ. ಎಲ್ಲರೂ ಚೆಂಡನ್ನೇ ನೋಡುತ್ತಾರೆ. ‘ನಿನ್ನ ಆಳೆಲ್ಲಿ?’ ಅಂತ ಕೂಗಿದರೆ ಆಗ ತಿರುಗಿ ನೋಡುತ್ತಾರೆ. ಅಷ್ಟು ಹೊತ್ತಿಗೆ ಚೆಂಡು ಬಂದಿರುತ್ತದೆ. ಒಂದು ಸಲ ಹದಿಮೂರು ವರ್ಷದ ಹುಡುಗನೊಬ್ಬ ಕೇಳಿದ. ‘ಸರ್, ಎರಡೂ ನೋಡೋಕಾಗಲ್ಲ ಅಂದ್ರೆ ಏನ್ ಮಾಡ್ಬೇಕು?’ ಕೈಯಿಂದ ಅವನನ್ನು ಮುಟ್ಟಿಕೊಂಡಿರು, ಕಣ್ಣು ಚೆಂಡಿನ ಮೇಲಿರಲಿ ಅಂದೆ. ಡಿಫೆಂಡರ್‌ಗಳು ತಲೆಮಾರುಗಳಿಂದ ಮಾಡುತ್ತಿರುವುದು ಅದನ್ನೇ. ಆದರೂ ಗೋಲು ಬೀಳುತ್ತವೆ.

ಬೆಲ್ಲೊ ಗೋಲಿನ ತಪ್ಪನ್ನು ಒಬ್ಬ ಆಟಗಾರನ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆ ಒಂದು ಕ್ಷಣವನ್ನೇ ಹಿಡಿದುಕೊಂಡರೆ ಅದಕ್ಕಿಂತ ಮೊದಲಿನ 46 ನಿಮಿಷ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಸೋಲಿನ ಬೇರು ಎರಡನೇ ಗೋಲು ಬಾರದೆ ಹೋದದ್ದರಲ್ಲಿದೆ, ಆ ವಾರದ ದಣಿವಿನಲ್ಲಿದೆ. ಮತ್ತು ಎದುರಿಗಿದ್ದ ತಂಡದ ಹಟದಲ್ಲಿದೆ.

ಪಂದ್ಯ ಮುಗಿದಾಗ ಬಾಗಾನ್ 39, ಬೆಂಗಳೂರು 37. 20 ಪಂದ್ಯದ ಲೀಗ್‌ನಲ್ಲಿ ಎರಡು ಅಂಕದ ಅಂತರ.

ಸೋತ ಮೇಲೆ

ಕ್ಲಬ್ಬಿನ ಮುಂದೆ ಇದ್ದ ದಾರಿಗಳು ಗೊತ್ತಿರುವವೇ. ಕೋಚ್ ಬದಲಿಸಬಹುದು. ನಮ್ಮ ದೇಶದಲ್ಲಿ ಅದು ತೀರಾ ಸಾಮಾನ್ಯ, ಎರಡನೇ ಸ್ಥಾನ ಬಂದರೂ ಕೋಚ್ ಮನೆಗೆ. ವೆಸ್ಟ್‌ವುಡ್ ಅದನ್ನು ತಮ್ಮ ದೇಶದಲ್ಲೇ ಕಂಡವರು. 65 ದಿನ, 67 ದಿನದ ನೆನಪು ಅವರಿಗೆ ಹಸಿಯಾಗಿಯೇ ಇದ್ದಿರಬೇಕು. ಇಲ್ಲದಿದ್ದರೆ ಆಟದ ರೀತಿ ಬದಲಿಸಬಹುದು. ದೈಹಿಕ ಬಲ, ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್‌ನಂಥವು), ನೇರ ಆಟ ಬಿಟ್ಟು ಚಂದದ ಪಾಸಿಂಗ್ ಆಟಕ್ಕೆ ಹೋಗಿ ಅನ್ನುವ ಮಾತು ಆಗಲೂ ಇತ್ತು.

ಕ್ಲಬ್ ಕೋಚ್‌ನನ್ನು ಉಳಿಸಿಕೊಂಡಿತು. ಈ ಪ್ರಕರಣದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದೇ ಅಂತ ನಾನು ನಂಬುತ್ತೇನೆ. ಮೂರು ನಿಮಿಷ ಕೈಕೊಟ್ಟಿತು ಅಂತ ಎರಡು ವರ್ಷದ ಕೆಲಸವನ್ನು ಒಡೆಯಲಿಲ್ಲ. ಜಾನ್ಸನ್ ಉಳಿದರು. ಛೆಟ್ರಿ, ಯೂಜಿನ್‌ಸನ್ ಲಿಂಗ್ಡೊ, ರಿನೊ ಆಂಟೊ ಉಳಿದರು. ಮಿಡ್‌ಫೀಲ್ಡ್‌ಗೆ ಐರ್ಲೆಂಡಿನ ಮೈಕೆಲ್ ಕಾಲಿನ್ಸ್, ಮುಂದೆ ಕೊರಿಯಾ ಮೂಲದ ಕಿಮ್ ಸಾಂಗ್-ಯಾಂಗ್ ಬಂದರು.

ಕಷ್ಟ ಬೇರೆ ಕಡೆಯಿಂದ ಬಂತು. ಆಗ ಐ-ಲೀಗ್ ಜೊತೆಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಅನ್ನುವ ಬೇರೆ ಲೀಗ್ ಇತ್ತು, ಬೆಂಗಳೂರು ಎಫ್‌ಸಿ ಅದರಲ್ಲಿ ಇರಲಿಲ್ಲ. 2015ರ ಜುಲೈನಲ್ಲಿ ನಡೆದ ಐಎಸ್‌ಎಲ್ ಹರಾಜಿನಲ್ಲಿ ತಂಡದ ಹುಡುಗರು ಊರೂರಿಗೆ ಹಂಚಿಹೋದರು. ಛೆಟ್ರಿ 1.20 ಕೋಟಿಗೆ ಮುಂಬೈಗೆ, ಯೂಜಿನ್‌ಸನ್ 1.05 ಕೋಟಿಗೆ ಪುಣೆಗೆ, ರಿನೊ 90 ಲಕ್ಷಕ್ಕೆ ಕೋಲ್ಕತ್ತಕ್ಕೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಬ್ಬೊಬ್ಬರೂ ಬೇರೆ ಬೇರೆ ಕೋಚ್ ಹತ್ತಿರ, ಬೇರೆ ಬೇರೆ ಆಟ. ಜನವರಿಯಲ್ಲಿ ಐ-ಲೀಗ್ ಶುರುವಾಗುವ ಹೊತ್ತಿಗೆ ವಾಪಸ್. ಆಟಗಾರರಿಗೆ ದುಡ್ಡು ಸಿಕ್ಕಿತು, ಅದು ನ್ಯಾಯವೇ. ಆದರೆ ಒಟ್ಟಿಗೆ ನಿಂತು ಕಾಯುವುದನ್ನೇ ನಂಬಿದ ಕೋಚ್‌ಗೆ ತಂಡ ಮೂರು ತಿಂಗಳು ಕೈಯಲ್ಲೇ ಇಲ್ಲ ಅಂದರೆ ಎಷ್ಟು ಕಷ್ಟ, ಅಲ್ವಾ? ಡಿಫೆನ್ಸ್ ಅನ್ನುವುದು ಅಭ್ಯಾಸ. ಪಕ್ಕದವನು ಯಾವಾಗ ಮುಂದೆ ಹೋಗುತ್ತಾನೆ, ಯಾವಾಗ ನಿಲ್ಲುತ್ತಾನೆ ಅನ್ನುವುದು ಹೇಳದೆಯೇ ಗೊತ್ತಾಗಬೇಕು. ಅದು ಬರುವುದು ದಿನಾ ಒಟ್ಟಿಗೆ ಆಡಿದಾಗ ಮಾತ್ರ.

2015-16ರ ಐ-ಲೀಗ್ ಚಿಕ್ಕದಾಯಿತು. ಒಂಬತ್ತು ತಂಡ, 16 ಪಂದ್ಯ. ತಪ್ಪು ಮಾಡಿ ಸರಿಪಡಿಸಿಕೊಳ್ಳಲು ಸಮಯವೇ ಇಲ್ಲ.

2016ರ ಏಪ್ರಿಲ್ 17, ಮತ್ತೆ ಭಾನುವಾರ, ಮತ್ತೆ ಕಂಠೀರವ. ಎದುರಾಳಿ ಗೋವಾದ ಸಾಲ್ಗಾಂವ್ಕರ್. ಗೆದ್ದರೆ ಒಂದು ಪಂದ್ಯ ಬಾಕಿ ಇರುವಾಗಲೇ ಕಪ್ ಖಾತ್ರಿ. ಯೂಜಿನ್‌ಸನ್ ಮೊದಲಾರ್ಧದಲ್ಲಿ ಗೋಲು ಹೊಡೆದರು. 1-0. ಆಮೇಲೆ ಮತ್ತೆ ಅದೇ ಕಾಯುವ ಕೆಲಸ. ಆ ಸಂಜೆ ನಮ್ಮ ಊರಿನ ಫುಟ್‌ಬಾಲ್ ಪ್ರೇಮಿಗಳಲ್ಲಿ ಬೆಲ್ಲೊನನ್ನು ನೆನೆಯದವರು ಇರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಎದುರಾಳಿಗೆ ಕಾರ್ನರ್ ಸಿಕ್ಕಿದರೆ ಸಾಕು, ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ. ಕೊನೆಯ ಹೊತ್ತಿನಲ್ಲಿ ಲೆನ್ ಡೌಂಗೆಲ್ ಎರಡನೆಯದನ್ನು ಹೊಡೆದರು. 2-0. ಹಿಂದಿನ ವರ್ಷ ಬಾರದೆ ಹೋದ ಎರಡನೇ ಗೋಲು ಈ ಸಲ ಬಂತು. ಮೂರು ಸೀಸನ್‌ನಲ್ಲಿ ಎರಡನೇ ಲೀಗ್ ಕಪ್.

ಕೊನೆಯ ಪಂದ್ಯದಲ್ಲಿ ಬಾಗಾನ್ ಬೆಂಗಳೂರನ್ನು 5-0ಯಿಂದ ಬಡಿಯಿತು. ಕಪ್ ಆಗಲೇ ನಮ್ಮದಾಗಿತ್ತು, ಅದರಿಂದ ಏನೂ ಬದಲಾಗಲಿಲ್ಲ. ಬೆಂಗಳೂರು 32, ಬಾಗಾನ್ 30. ಮತ್ತೆ ಎರಡೇ ಅಂಕದ ಅಂತರ. ಮೊದಲ ವರ್ಷ ವೆಸ್ಟ್‌ವುಡ್ ಒಳ್ಳೆಯ ಕೋಚ್, ಎರಡನೇ ವರ್ಷ ಕೆಟ್ಟ ಕೋಚ್, ಮೂರನೇ ವರ್ಷ ಮತ್ತೆ ಒಳ್ಳೆಯ ಕೋಚ್ ಅಂತ ಹೇಳಲು ನನಗಂತೂ ಆಗುವುದಿಲ್ಲ. ಮೂರೂ ವರ್ಷ ಅವರು ಮಾಡಿದ ಕೆಲಸ ಹೆಚ್ಚುಕಡಿಮೆ ಒಂದೇ.

ಹೊರಟದ್ದು, ಎದುರು ನಿಂತದ್ದು

2016ರ ಮೇ ಕೊನೆಯಲ್ಲಿ ತಂಡ ಎಎಫ್‌ಸಿ ಕಪ್‌ಗಾಗಿ ಹಾಂಗ್‌ಕಾಂಗ್‌ಗೆ ಹೋಯಿತು. ಮಾಂಗ್‌ಕಾಕ್ ಕ್ರೀಡಾಂಗಣದಲ್ಲಿ ಕಿಚೀ ತಂಡವನ್ನು 3-2ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ಸೇರಿತು. ಹಿಂದಿನ ವರ್ಷ ಇದೇ ಹಂತದಲ್ಲಿ ಹಾಂಗ್‌ಕಾಂಗ್‌ನ ತಂಡವೇ ನಮ್ಮನ್ನು ಹೊರಗೆ ಹಾಕಿತ್ತು. ವೆಸ್ಟ್‌ವುಡ್ ಅದಾದ ಮೇಲೆ ಕ್ಲಬ್ ಬಿಟ್ಟರು. ಸ್ಪೇನಿನ ಆಲ್ಬರ್ಟ್ ರೋಕಾ ಬಂದು ಅದೇ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದೊಯ್ದರು. ದೋಹಾದಲ್ಲಿ ಇರಾಕ್‌ನ ಅಲ್-ಕುವಾ ಅಲ್-ಜವಿಯಾ ಎದುರು 0-1 ಸೋಲು. ರೋಕಾ ತಂದ ಪಾಸಿಂಗ್ ಆಟ ನೋಡಲು ಚಂದ ಇತ್ತು, ನಿಜ. ಆದರೆ ಅದಕ್ಕೆ ಕಾಲೂರಲು ನೆಲ ಒದಗಿಸಿದವರು ಯಾರು ಅನ್ನುವುದನ್ನು ಮರೆಯಬಾರದು.

ನಂತರದ ಕೆಲವು ವರ್ಷ ವೆಸ್ಟ್‌ವುಡ್‌ಗೆ ಅಷ್ಟು ಒಲಿದು ಬರಲಿಲ್ಲ. ಮಲೇಷ್ಯಾದ ಪೆನಾಂಗ್, 2018ರಲ್ಲಿ ಕೋಚ್ ಟೆಡ್ಡಿ ಶೆರಿಂಗ್‌ಹ್ಯಾಮ್ ಹೋದ ಮೇಲೆ ಕೋಲ್ಕತ್ತದ ಐಎಸ್‌ಎಲ್ ತಂಡ ಎಟಿಕೆಯಲ್ಲಿ ಸ್ವಲ್ಪ ದಿನ, ಆಮೇಲೆ ಐ-ಲೀಗ್‌ನಲ್ಲಿ ಪಂಜಾಬ್.

2023ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡ ಕೈಗೆ ಬಂತು. ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಮೇಲಿನ ಸಿಟ್ಟಿಗೆ ಹಿರಿಯ ಆಟಗಾರರು ಒಟ್ಟಾಗಿ ತಂಡದಿಂದ ದೂರ ಉಳಿದಿದ್ದರು. ಸ್ವಂತ ದೇಶದಲ್ಲಿ ಪಂದ್ಯ ಆಡುವ ಹಾಗೂ ಇಲ್ಲ. ಮೊದಲ ಪಂದ್ಯದಲ್ಲಿ ಕತಾರ್ ಎದುರು 1-8, ಮುಂದಿನದರಲ್ಲಿ ಕುವೈತ್ ಎದುರು 0-4. ನಾಲ್ಕು ತಿಂಗಳ ನಂತರ, 2024ರ ಮಾರ್ಚ್ 21ರಂದು ಸೌದಿಯ ಅಭಾದಲ್ಲಿ ಅದೇ ತಂಡ ಭಾರತದ ಎದುರು 0-0. ಎರಡು ಪಂದ್ಯದಲ್ಲಿ ಹನ್ನೆರಡು ಗೋಲು ಬಿಟ್ಟುಕೊಟ್ಟಿದ್ದ ತಂಡ ಒಂದನ್ನೂ ಬಿಡಲಿಲ್ಲ. ಸೆಂಟರ್ ಬ್ಯಾಕ್ ಆಗಿದ್ದವನ ಕೈಗುಣ ಇಲ್ಲಿ ಕಾಣುತ್ತದೆ ಅಂತ ನಾನು ಹುಡುಗರಿಗೆ ಹೇಳುವುದುಂಟು.

ಐದು ದಿನದ ನಂತರ ಗುವಾಹಟಿ. ಅದು ಛೆಟ್ರಿಯ 150ನೇ ಅಂತಾರಾಷ್ಟ್ರೀಯ ಪಂದ್ಯ. 38ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಅವರೇ ಗೋಲು ಹೊಡೆದರು. 70ನೇ ನಿಮಿಷದಲ್ಲಿ ಅಫ್ಘಾನಿಸ್ತಾನ ಸಮ ಮಾಡಿತು. 88ನೇ ನಿಮಿಷದಲ್ಲಿ ಅವರಿಗೇ ಪೆನಾಲ್ಟಿ, 2-1. ಬೆಂಗಳೂರಿನವರಿಗೆ ಆ ರಾತ್ರಿ ಮನಸ್ಸು ಎರಡು ಪಾಲಾಗಿತ್ತು. ಸೋತದ್ದು ನಮ್ಮ ದೇಶ, ನಮ್ಮ ಕ್ಯಾಪ್ಟನ್. ಸೋಲಿಸಿದ್ದು ಅದೇ ಕ್ಯಾಪ್ಟನ್ ಜೊತೆ ನಮ್ಮ ಊರಿಗೆ ಮೊದಲ ಕಪ್ ತಂದ ಕೋಚ್. ಕೊನೆಯ ನಿಮಿಷಗಳು ಈ ಸಲ ಅವರ ಕಡೆಗಿದ್ದವು.

2024ರಲ್ಲಿ ಅವರು ಹಾಂಗ್‌ಕಾಂಗ್ ತಂಡದ ಕೋಚ್ ಆದರು. 2025ರ ಜೂನ್ 10ರಂದು ಅಲ್ಲಿನ ಕೈ ತಕ್ ಕ್ರೀಡಾಂಗಣದಲ್ಲಿ ಭಾರತದ ಎದುರು ಏಷ್ಯನ್ ಕಪ್ ಅರ್ಹತಾ ಪಂದ್ಯ. 42 ಸಾವಿರಕ್ಕೂ ಜಾಸ್ತಿ ಜನ. ನಿವೃತ್ತಿಯಿಂದ ವಾಪಸ್ ಬಂದಿದ್ದ ಛೆಟ್ರಿ ಬದಲಿ ಆಟಗಾರನಾಗಿ ಇಳಿದಿದ್ದರು. ತೊಂಬತ್ತು ನಿಮಿಷ ಮುಗಿದ ಮೇಲೆ ಹಾಂಗ್‌ಕಾಂಗ್‌ಗೆ ಪೆನಾಲ್ಟಿ, 1-0.

ಅದೇ ಗುಂಪಿನ ನಿರ್ಣಾಯಕ ಪಂದ್ಯ ಅದೇ ಕೈ ತಕ್‌ನಲ್ಲಿ, 2025ರ ನವೆಂಬರ್ 18ರಂದು. ಎದುರಾಳಿ ಸಿಂಗಾಪುರ. ಎರಡೂ ತಂಡಗಳ ಬಳಿ ಎಂಟೆಂಟು ಅಂಕ, ಗೆದ್ದವರು ಏಷ್ಯನ್ ಕಪ್‌ಗೆ. ಮ್ಯಾಟ್ ಆರ್ ಮೊದಲಾರ್ಧದಲ್ಲೇ ಗೋಲು ಹೊಡೆದು ಹಾಂಗ್‌ಕಾಂಗ್‌ಗೆ 1-0 ಮುನ್ನಡೆ ಕೊಟ್ಟರು. ಸ್ವಂತ ಮೈದಾನ, ತುಂಬಿದ ಸ್ಟ್ಯಾಂಡ್, ಕೈಯಲ್ಲಿ ಒಂದು ಗೋಲು, ಸೈಡ್‌ಲೈನ್ ಹತ್ತಿರ ನಿಂತ ವೆಸ್ಟ್‌ವುಡ್. ಎರಡನೇ ಗೋಲು ಬರಲಿಲ್ಲ. ಸಿಂಗಾಪುರ 64ನೇ ನಿಮಿಷದಲ್ಲಿ ಒಂದು, 68ರಲ್ಲಿ ಇನ್ನೊಂದು ಹೊಡೆಯಿತು. ಏಷ್ಯನ್ ಕಪ್‌ಗೆ ಹೋದದ್ದು ಸಿಂಗಾಪುರ.